ಬಹುಮಾನದ ಪಟ್ಟಿಯಲ್ಲಿ ಇದ್ದವರು, ಇಲ್ಲದವರು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ಮನೆಗೆ ಬಂದಿದ್ದರು. ತಾವು ಕಲಿತ ಪ್ರೌಢಶಾಲೆಯ ಸ್ಮರಣ ಸಂಚಿಕೆಯನ್ನು ಹೊರತರುವ ಹೊಣೆ ಅವರ ಮೇಲೆ ಬಿದ್ದಿದೆ. ಆಟೋಟಗಳಲ್ಲಿ ಹೆಸರು ಮಾಡಿದವರ ಪಟ್ಟಿ ಸಿದ್ಧವಾಗಿದೆಯಂತೆ. ಎಸ್.ಎಸ್.ಎಲ್.ಸಿ.ಯಲ್ಲಿ ಪ್ರತಿವರ್ಷ ಮೊದಲಿಗರಾಗಿ ಬಂದವರ ಹೆಸರುಗಳು ಕಚೇರಿಯ ಗೋಡೆಯ ಫಲಕದ ಮೇಲೆಯೇ ಇವೆ. ಉಳಿದದ್ದು ಭಾಷಣ ಮತ್ತು ಚರ್ಚಾಸ್ಪರ್ಧೆಗಳ ಸಾಧಕರ ಪಟ್ಟಿ. "ಸರ್, ಅದು ನಿಮ್ಮ ಹತ್ರನ ಇರಬೇಕ್ರೀ" ಎಂದರು.

ಇತ್ತು. ಹಳೆಯ ಟ್ರಂಕಿನ ತಳದಲ್ಲಿ, ನೀಲಿ ರಟ್ಟಿನ ಒಂದು ಉದ್ದ ಪುಸ್ತಕ. ಬೆಳಗಾವಿ ನಗರದಲ್ಲಿಯೂ ಖಾನಾಪುರ ತಾಲೂಕಿನಲ್ಲಿಯೂ ಕಳೆದ ನನ್ನ ಸೇವಾವಧಿಯುದ್ದಕ್ಕೂ ಅದು ನನ್ನೊಂದಿಗೆ ಊರಿಂದೂರಿಗೆ ಬಂದಿತ್ತು. ವರ್ಷ, ವಿದ್ಯಾರ್ಥಿಯ ಹೆಸರು, ತರಗತಿ, ಸ್ಪರ್ಧೆ ನಡೆದ ಸ್ಥಳ, ವಿಷಯ, ಪಡೆದ ಸ್ಥಾನ ಎಂದು ಅಂಕಣಗಳನ್ನು ನಾನೇ ಗೀಟು ಹಾಕಿ ಮಾಡಿಕೊಂಡಿದ್ದೆ. ಪುಟಗಳನ್ನು ತಿರುವುತ್ತ ಕುಳಿತಾಗ ಒಂದು ಅಂಕಣ ಬಿಟ್ಟುಹೋಗಿದೆಯೆಂದು ತೋರಿತು: ಭಾಷಣವನ್ನು ಬರೆದವರು ಯಾರು? ಆ ಅಂಕಣವನ್ನು ಅಂದೇ ಇಟ್ಟುಕೊಂಡಿದ್ದರೆ ಮೊದಲ ಹತ್ತು ವರ್ಷಗಳ ಉದ್ದಕ್ಕೂ ಒಂದೇ ಹೆಸರನ್ನು ಬರೆಯಬೇಕಾಗುತ್ತಿತ್ತು, ನನ್ನ ಹೆಸರನ್ನು.

ಸ್ಮರಣ ಸಂಚಿಕೆಗೆ ಪಟ್ಟಿ ಹೋಗುತ್ತದೆ. ಅದಕ್ಕೂ ಮೊದಲು ಈ ಊರಿನ ಮಾತಿನ ಇತಿಹಾಸವನ್ನೂ ನನ್ನ ಪುಸ್ತಕದ ಹಿಂದಿನ ಕಥೆಯನ್ನೂ ಇಲ್ಲಿ ಬರೆದಿಡಬೇಕೆನಿಸಿತು.

ವಾದವನ್ನು ಸ್ಪರ್ಧೆಯಾಗಿ ನಡೆಸುವುದು ನಮ್ಮ ನಾಡಿಗೆ ಹೊಸದಲ್ಲ. ಶ್ರವಣಬೆಳಗೊಳದಲ್ಲಿ 1129ರ ಮಲ್ಲಿಷೇಣ ಪ್ರಶಸ್ತಿ ಎಂಬ ಶಾಸನವಿದೆ. ಜೈನ ಆಚಾರ್ಯ ಸಮಂತಭದ್ರರು ಪಾಟಲಿಪುತ್ರ, ಮಾಳವ, ಸಿಂಧು, ಕಂಚಿ ಮೊದಲಾದೆಡೆಗಳಲ್ಲಿ ವಾದಕ್ಕೆ ಆಹ್ವಾನಿಸುವ ಭೇರಿಯನ್ನು ಬಾರಿಸುತ್ತ ಕೊನೆಗೆ ಕರಹಾಟಕಕ್ಕೆ ಬಂದರೆಂದು ಅದು ವರ್ಣಿಸುತ್ತದೆ. ಕರಹಾಟಕವೆಂದರೆ ನಮ್ಮ ಬಡಗಣ ನೆರೆಯ ಇಂದಿನ ಕರಾಡ. ಆ ವಾದಗಳಲ್ಲಿ ಎದುರಾಳಿಯ ಮಾತಿಗೆ ಅಲ್ಲಿಯೇ, ಆ ಕ್ಷಣದಲ್ಲಿಯೇ ಉತ್ತರ ಕೊಡಬೇಕಾಗಿತ್ತು. ಗುರುಗಳು ಬರೆದುಕೊಟ್ಟ ಓಲೆಯನ್ನು ಒಪ್ಪಿಸಿ ಇಳಿದುಬರುವಂತಿರಲಿಲ್ಲ.

ಶಾಲೆ ಕಾಲೇಜುಗಳ ಚರ್ಚಾಕೂಟಗಳು ಮಾತ್ರ ಇಂಗ್ಲಿಷ್ ಶಿಕ್ಷಣದೊಂದಿಗೆ ಬಂದವು. ಆಕ್ಸ್‌ಫರ್ಡಿನ ವಿದ್ಯಾರ್ಥಿಗಳ ಚರ್ಚಾಸಂಘ 1823ರಲ್ಲಿ ಹುಟ್ಟಿತು. ಐದೇ ವರ್ಷಗಳ ಮೇಲೆ, 1828ರಲ್ಲಿ, ಕಲಕತ್ತೆಯ ಹಿಂದೂ ಕಾಲೇಜಿನ ತರುಣ ಅಧ್ಯಾಪಕ ಡಿರೋಜಿಯೋ ತನ್ನ ಶಿಷ್ಯರನ್ನು ಕೂಡಿಸಿಕೊಂಡು ಅಂಥದೊಂದು ಕೂಟವನ್ನು ಆರಂಭಿಸಿದ. ಹುಡುಗರು ಪ್ರಶ್ನೆ ಕೇಳುವುದನ್ನು ಕಲಿತರು, ಮನೆಗಳಲ್ಲಿಯೂ ಕೇಳತೊಡಗಿದರು, 1831ರಲ್ಲಿ ಅಧ್ಯಾಪಕನ ಕೆಲಸ ಹೋಯಿತು. (ಅದೇ 1831ರ ಜನವರಿ 26ರಂದು ನಮ್ಮ ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಎರಡಕ್ಕೂ ಸಂಬಂಧವಿಲ್ಲ, ಇತಿಹಾಸದ ಮೇಷ್ಟ್ರಿಗೆ ಇಸವಿಗಳನ್ನು ಪಕ್ಕಪಕ್ಕದಲ್ಲಿಡುವ ಚಟ.) ಬೆಳಗಾವಿ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಎಲ್ಫಿನ್‌ಸ್ಟನ್ ಸಂಸ್ಥೆಯ ವಿದ್ಯಾರ್ಥಿಗಳು 1848ರಲ್ಲಿ ತಮ್ಮದೊಂದು ಸಾಹಿತ್ಯ ಮತ್ತು ವಿಜ್ಞಾನ ಸಂಘವನ್ನು ಕಟ್ಟಿದರು. ದಾದಾಭಾಯಿ ನವರೋಜಿಯವರು ಅದರ ಮುಂದಾಳುಗಳಲ್ಲೊಬ್ಬರು. ಪ್ರಬಂಧ ಓದಿ ಚರ್ಚಿಸುತ್ತಿದ್ದ ಆ ತರುಣರು ಮರುವರ್ಷವೇ, ಅಂದರೆ 1849ರಲ್ಲಿ, ಹೆಣ್ಣುಮಕ್ಕಳಿಗಾಗಿ ಶಾಲೆಗಳನ್ನು ತೆರೆದರು. ಚರ್ಚೆಯ ಕೊನೆಯಲ್ಲಿ ಶೀಲ್ಡು ಬರಲಿಲ್ಲ, ಶಾಲೆ ಬಂದಿತು.

ಇನ್ನು ನಮ್ಮ ಬೆಳಗಾವಿ. 1892ರ ಅಕ್ಟೋಬರಿನಲ್ಲಿ ಕೊಲ್ಹಾಪುರದ ಕಡೆಯಿಂದ ಒಬ್ಬ ತರುಣ ಸಂನ್ಯಾಸಿ ಈ ಊರಿಗೆ ಬಂದರು. ಮೊದಲು ವಕೀಲ ಭಾಟೆಯವರ ಮನೆಯಲ್ಲಿ, ಬಳಿಕ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ಉಳಿದರು. ಅವರು ಸ್ವಾಮಿ ವಿವೇಕಾನಂದರು. ಚಿಕಾಗೋ ಭಾಷಣಕ್ಕೆ, ಅಂದರೆ 1893ರ ಸೆಪ್ಟೆಂಬರ್ 11ಕ್ಕೆ, ಇನ್ನೂ ಹನ್ನೊಂದು ತಿಂಗಳು ಬಾಕಿಯಿತ್ತು. ಭಾಟೆಯವರ ಮಗ ಆಗ ಪಾಣಿನಿಯ ಅಷ್ಟಾಧ್ಯಾಯಿಯನ್ನು ಕಷ್ಟಪಟ್ಟು ಬಾಯಿಪಾಠ ಮಾಡುತ್ತಿದ್ದ ಹುಡುಗ. ತಾನು ತಡವರಿಸುತ್ತಿದ್ದ ಭಾಗಗಳು ಸ್ವಾಮಿಗಳಿಗೆ ತನಗಿಂತ ಚೆನ್ನಾಗಿ ಬರುತ್ತಿದ್ದವೆಂದು ಅವರು ದೊಡ್ಡವರಾದ ಮೇಲೆ ಬರೆದಿದ್ದಾರೆ. ಹರಿಪದ ಮಿತ್ರರ ನೆನಪು ಇನ್ನೂ ಸ್ವಾರಸ್ಯಕರ: ಸ್ವಾಮಿಗಳು ಡಿಕನ್ಸನ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಿಂದ ಪುಟಗಟ್ಟಲೆ ಒಪ್ಪಿಸಿದರಂತೆ. ಸಂನ್ಯಾಸಿಗೆ ಇದನ್ನು ಎಷ್ಟು ಸಲ ಓದಿ ಬಂತೆಂದು ವಿಚಾರಿಸಿದರೆ, ಎರಡೇ ಸಲ ಎಂಬ ಉತ್ತರ ಬಂತು.

ಬಾಯಿಪಾಠವನ್ನು ಹಳಿಯುವವರಿಗೆ ನಾನು ಈ ಪ್ರಸಂಗವನ್ನು ಹೇಳುತ್ತಿದ್ದೆ. ನನ್ನ ಪದ್ಧತಿಯನ್ನು ಸಮರ್ಥಿಸಿಕೊಳ್ಳಲು ಅನುಕೂಲವಾಗಿತ್ತು. ಆದರೆ ಅದೇ ಭಾಟೆಯವರ ಮನೆಗೆ ಊರಿನ ವಕೀಲರೂ ಅಧಿಕಾರಿಗಳೂ ಬಂದು ವಾದಕ್ಕೆ ಕೂಡುತ್ತಿದ್ದರು, ಅವರ ಸಂಶಯಗಳಿಗೆ ಸ್ವಾಮಿಗಳು ಅಲ್ಲಿಯೇ ಉತ್ತರ ಕೊಡುತ್ತಿದ್ದರು ಎಂಬ ಅರ್ಧವನ್ನು ಬಿಟ್ಟುಬಿಡುತ್ತಿದ್ದೆ.

1916ರಲ್ಲಿ ಇದೇ ಊರಿನ ಒಂದು ಭಾಷಣ ನ್ಯಾಯಾಲಯದ ಕಟ್ಟೆ ಹತ್ತಿತು. ಲೋಕಮಾನ್ಯ ತಿಲಕರು ಏಪ್ರಿಲ್ ಕೊನೆಯಲ್ಲಿ ಬೆಳಗಾವಿಯಲ್ಲಿ ಹೋಂರೂಲ್ ಲೀಗನ್ನು ಸ್ಥಾಪಿಸಿದರು. ಮೇ 1ರಂದು ಇಲ್ಲಿಯೇ ಸ್ವರಾಜ್ಯದ ಮೇಲೆ ಮರಾಠಿಯಲ್ಲಿ ಮಾತನಾಡಿದರು. ಈ ಭಾಷಣವನ್ನೂ ಬಳಿಕ ಅಹಮದನಗರದಲ್ಲಿ ಮಾಡಿದ ಎರಡು ಭಾಷಣಗಳನ್ನೂ ಆಧಾರ ಮಾಡಿಕೊಂಡು ಸರಕಾರವು ಅವರ ಮೇಲೆ ರಾಜದ್ರೋಹದ ಕ್ರಮ ಕೈಗೊಂಡಿತು. 20,000 ರೂಪಾಯಿಗಳ ಮುಚ್ಚಳಿಕೆ, ಜೊತೆಗೆ ತಲಾ 10,000 ರೂಪಾಯಿಗಳ ಇಬ್ಬರು ಜಾಮೀನುದಾರರು! ತಿಲಕರ ಪರವಾಗಿ ವಾದಿಸಿದವರು ಮಹಮ್ಮದಲಿ ಜಿನ್ನಾ. ಮುಂಬಯಿ ಹೈಕೋರ್ಟು ನವೆಂಬರ್ 9ರಂದು ಆ ಆದೇಶವನ್ನು ರದ್ದುಪಡಿಸಿತು. ಸರಿಯಾಗಿ ನಾಲ್ಕು ದಿನಗಳ ಮೇಲೆ, ನವೆಂಬರ್ 13ರಂದು, ಬಸವನಾಳ, ಸಾಖರೆ, ಹಂಚಿನಾಳ, ಚಿಕ್ಕೋಡಿ, ಮಮದಾಪುರ, ಕಟ್ಟೀಮನಿ, ಪಾಟೀಲ ಎಂಬ ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಒಂದು ಶಾಲೆಯಿಂದ ಆರಂಭಿಸಿದರು. ಸಪ್ತರ್ಷಿಗಳೆಂದು ನಾವು ಇಂದಿಗೂ ಸ್ಮರಿಸುವವರು ಇವರೇ. ಒಂದೇ ಊರು, ಒಂದೇ ವರ್ಷ. ಒಂದೆಡೆ ಮಾತಿಗೆ ಬೆಲೆ ತೆರುವುದು, ಇನ್ನೊಂದೆಡೆ ಮಾತು ಕಲಿಸಲು ಮನೆ ಕಟ್ಟುವುದು.

1924ರ ಡಿಸೆಂಬರ್ 26 ಮತ್ತು 27ರ ಕಾಂಗ್ರೆಸ್ ಅಧಿವೇಶನವನ್ನು ನಿಮಗೆ ಪಾಠ ಹೇಳುವಾಗಲೇ ವಿವರಿಸಿದ್ದೇನೆ. ಟಿಳಕವಾಡಿಯ ಕಾಂಗ್ರೆಸ್ ಬಾವಿಗೆ ನಿಮ್ಮನ್ನು ಕರೆದೊಯ್ದದ್ದೂ ನೆನಪಿರಬಹುದು. ಗಾಂಧೀಜಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಕುಳಿತದ್ದು ಆ ಒಂದೇ ಸಲ, ನಮ್ಮ ಊರಿನಲ್ಲಿ. ಆ ವೇದಿಕೆಯ ಮೇಲೆ ಕುಳಿತಿದ್ದವರು ತಾರುಣ್ಯದಲ್ಲಿ ಎಂಥ ಭಾಷಣಕಾರರಾಗಿದ್ದರೆಂಬುದನ್ನು ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಲಂಡನ್ನಿನ ಸಸ್ಯಾಹಾರಿಗಳ ಸಂಘದಲ್ಲಿ ತಾವು ಬರೆದು ತಂದದ್ದನ್ನು ಓದಲೂ ಧೈರ್ಯ ಸಾಲದೆ, ಅದನ್ನು ಬೇರೆಯವರು ಓದಬೇಕಾಯಿತು. ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಮೊಕದ್ದಮೆಯ ದಿನ ಎದ್ದುನಿಂತು, ತಲೆ ತಿರುಗಿ, ಒಂದು ಪ್ರಶ್ನೆಯನ್ನೂ ಕೇಳಲಾರದೆ ಕುಳಿತುಬಿಟ್ಟರು. ವೇದಿಕೆ ಏರಿ ಮಾತು ಮರೆತು ಅಳುತ್ತ ಇಳಿದುಬಂದ ಎಷ್ಟೋ ಮಕ್ಕಳಿಗೆ ನಾನು ಈ ಕಥೆ ಹೇಳಿದ್ದೇನೆ. ಗಾಂಧೀಜಿಯ ಬರಹವನ್ನು ಇನ್ನೊಬ್ಬರು ಓದಿದರು. ನಮ್ಮ ಶಾಲೆಗಳಲ್ಲಿ ಇನ್ನೊಬ್ಬರ ಬರಹವನ್ನು ಮಕ್ಕಳು ಓದುತ್ತಾರೆ. ವ್ಯತ್ಯಾಸ ಸಣ್ಣದಲ್ಲ.

ಆ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಮಕ್ಕಳ ಪೈಕಿ ಹನ್ನೊಂದು ವರ್ಷದ ಒಬ್ಬ ಬಾಲಕಿಯಿದ್ದಳು. ಮುಂದೆ ಜಗತ್ತೇ ಕೇಳಿದ ಗಂಗೂಬಾಯಿ ಹಾನಗಲ್ ಆಕೆ. ಕೆಳಜಾತಿಯವರೆಂದು ತಮ್ಮನ್ನು ಊಟದ ಎಂಜಲೆಲೆ ಎತ್ತಲು ಹಚ್ಚುವರೇನೋ ಎಂಬುದೊಂದೇ ತಮಗಿದ್ದ ಭಯವೆಂದು ಅವರು ಬಹು ವರ್ಷಗಳ ನಂತರ ಹೇಳಿಕೊಂಡರು. ವೇದಿಕೆಯ ಮೇಲೆ ನಿಂತ ಮಗುವಿನ ಮನಸ್ಸಿನಲ್ಲಿ ಏನಿರುತ್ತದೆಂಬುದು ಮುಂದಿನ ಸಾಲಿನಲ್ಲಿ ಅಂಕ ಹಾಕುತ್ತ ಕುಳಿತ ನಮಗೆ ತಿಳಿಯುವುದೇ ಇಲ್ಲ.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಹಿರಿಯರ ಬಾಯಲ್ಲಿದ್ದ ಒಂದು ಹೆಸರು ಬ್ಯಾರಿಸ್ಟರ್ ನಾಥ ಪೈ. 1957ರಿಂದ ರಾಜಾಪುರದ ಲೋಕಸಭಾ ಸದಸ್ಯರಾಗಿದ್ದ ಅವರು ತಮ್ಮ ಕಾಲದ ಶ್ರೇಷ್ಠ ಸಂಸದೀಯ ವಾಗ್ಮಿಗಳಲ್ಲೊಬ್ಬರು. 1971ರ ಜನವರಿ 18ರಂದು ಬೆಳಗಾವಿಯಲ್ಲಿಯೇ ಕೊನೆಯುಸಿರೆಳೆದರು. ಗಡಿಯ ಪ್ರಶ್ನೆಯಲ್ಲಿ ಅವರ ಪಕ್ಷ ಒಂದು, ನಮ್ಮ ಮನೆಯವರ ಪಕ್ಷ ಇನ್ನೊಂದು. ಆದರೂ ನಮ್ಮ ತಂದೆಯವರು ಅವರ ಮಾತು ಕೇಳಲು ಹೋಗುತ್ತಿದ್ದರು. "ಒಪ್ಪಾಕ ಹೋಗೂದಲ್ಲೋ, ಕೇಳಾಕ ಹೋಗೂದು" ಎನ್ನುತ್ತಿದ್ದರು. ಚರ್ಚೆ ಎಂಬುದರ ಮೊದಲ ಪಾಠ ನನಗೆ ಸಿಕ್ಕಿದ್ದು ಅಲ್ಲಿ; ಮರೆತದ್ದು ಶಿಕ್ಷಕನಾದ ಮೇಲೆ.

ಹೇಗೆ ಮರೆತೆನೆಂಬುದನ್ನು ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಸ್ಪರ್ಧೆಗಳೆಂದರೆ ಗಾಂಧಿ ಜಯಂತಿ, ರಾಜ್ಯೋತ್ಸವ, ಯಾವುದಾದರೂ ಸಂಸ್ಥೆ ಏರ್ಪಡಿಸುವ ಅಂತರಶಾಲಾ ಕೂಟ. ವಿಜ್ಞಾನ ವರವೋ ಶಾಪವೋ, ಹಳ್ಳಿ ಲೇಸೋ ಪಟ್ಟಣ ಲೇಸೋ, ಖಡ್ಗ ಮೇಲೋ ಲೇಖನಿ ಮೇಲೋ: ನಾಲ್ಕಾರು ವಿಷಯಗಳೇ ಸುತ್ತಿ ಸುತ್ತಿ ಬರುತ್ತಿದ್ದವು. 2002ರ ಸುಮಾರಿಗೆ ಸರಕಾರದ ಪ್ರತಿಭಾ ಕಾರಂಜಿ ಬಂದ ಮೇಲೆ ಕ್ಲಸ್ಟರ್, ತಾಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲುಗಳಾದವು. ಕನ್ನಡದೊಂದಿಗೆ ಮರಾಠಿ, ಉರ್ದು, ಹಿಂದಿ, ಇಂಗ್ಲಿಷ್ ಭಾಷಣಗಳಿಗೂ ಸ್ಥಾನ ದೊರೆಯಿತು. ಮೂರು ಭಾಷೆಗಳ ಶಾಲೆಗಳು ಅಕ್ಕಪಕ್ಕದಲ್ಲಿರುವ ನಮ್ಮ ಜಿಲ್ಲೆಗೆ ಇದು ದೊಡ್ಡ ಉಪಕಾರ. ನಾಲ್ಕು ಗೋಡೆಗಳ ಆಚೆ ಎಂದೂ ದನಿ ಎತ್ತದ ಹಳ್ಳಿಯ ಮಕ್ಕಳು ಈ ಮೆಟ್ಟಿಲು ಹತ್ತಿ ಬೆಂಗಳೂರಿನವರೆಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಹಳೆಯದಿರಲಿ, ಹೊಸದಿರಲಿ, ಶಿಕ್ಷಕ ಭಾಷಣ ಬರೆದುಕೊಡುವುದು, ವಿದ್ಯಾರ್ಥಿ ಉರು ಹೊಡೆಯುವುದು ಎಂಬ ಪದ್ಧತಿ ಬದಲಾಗಲಿಲ್ಲ. ಒಮ್ಮೆ ನಾನು ನಿರ್ಣಾಯಕನಾಗಿ ಹೋದಲ್ಲಿ ನಾಲ್ಕು ಶಾಲೆಗಳ ನಾಲ್ವರು ಒಂದೇ ವಾಕ್ಯದಿಂದ ಭಾಷಣ ಆರಂಭಿಸಿದರು. ಎಲ್ಲ ಶಿಕ್ಷಕರೂ ಒಂದೇ ಭಾಷಣ ಸಂಗ್ರಹವನ್ನು ಕೊಂಡಿದ್ದರು. ಐದನೆಯ ಹುಡುಗ ಎದ್ದಾಗ ಸಭಿಕರೇ ಆ ವಾಕ್ಯವನ್ನು ಪೂರ್ತಿಗೊಳಿಸಿದರು.

ನನ್ನ ಪುಸ್ತಕದಲ್ಲಿ ತೊಂಬತ್ತರ ದಶಕದ ಮಧ್ಯದ ಒಂದು ನಮೂದಿದೆ. ಖಾನಾಪುರ ತಾಲೂಕಿನ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ, ತಾಲೂಕಿಗೆ ಪ್ರಥಮ. ಆಕೆಯ ತಂದೆ ಹಂಚಿನ ಕಾರ್ಖಾನೆಯಲ್ಲಿ ಕೂಲಿ. ಕಂಠ ಸ್ಪಷ್ಟ, ನೆನಪು ಅಗಾಧ. ಯಂತ್ರ ನಾಗರಿಕತೆಯಿಂದ ಮನುಷ್ಯನಿಗೆ ಕೇಡಾಗಿದೆ ಎಂಬ ವಿಷಯದ ಪರವಾಗಿ ಐದು ನಿಮಿಷಗಳ ಭಾಷಣವನ್ನು ನಾನು ಎರಡು ರಾತ್ರಿ ಕುಳಿತು ಬರೆದಿದ್ದೆ. ಒಳ್ಳೆಯ ಭಾಷಣವೇ. ಆಕೆ ಅದನ್ನು ಒಂದಕ್ಷರ ಬಿಡದೆ ಒಪ್ಪಿಸಿ ತಾಲೂಕಿನಲ್ಲಿ ಗೆದ್ದಳು.

ಬೆಳಗಾವಿಯ ಕೂಟದಲ್ಲಿ ಒಂದು ಹೊಸ ನಿಯಮವಿತ್ತು. ಭಾಷಣ ಮುಗಿದೊಡನೆ ಪ್ರತಿಪಕ್ಷದ ಒಬ್ಬರು ಒಂದು ಪ್ರಶ್ನೆ ಕೇಳಬಹುದು. ನಗರದ ಶಾಲೆಯ ಹುಡುಗನೊಬ್ಬ ಎದ್ದು, "ಯಂತ್ರ ಬೇಡವೆನ್ನುತ್ತೀರಿ. ಇಂದು ಬೆಳಿಗ್ಗೆ ನಿಮ್ಮ ಮನೆಯ ನಲ್ಲಿಗೆ ನೀರು ಏರಿಸಿದ್ದು ಯಾವುದು?" ಎಂದು ಕೇಳಿದ. ಸಭೆ ನಕ್ಕಿತು. ನಮ್ಮ ಹುಡುಗಿ ನಿಂತೇ ಇದ್ದಳು. ನನ್ನತ್ತ ಒಮ್ಮೆ ನೋಡಿದಳು. ಗಂಟೆ ಬಾರಿಸಿತು. ಆಕೆಗೆ ಯಾವ ಸ್ಥಾನವೂ ಬರಲಿಲ್ಲ.

ಸಂಜೆ ಖಾನಾಪುರಕ್ಕೆ ಹೊರಟ ಪ್ಯಾಸೆಂಜರ್ ರೈಲಿನಲ್ಲಿ ಮೂವರೂ ಸುಮ್ಮನೆ ಕುಳಿತಿದ್ದೆವು: ಆಕೆ, ಜೊತೆಗೆ ಬಂದಿದ್ದ ನಮ್ಮ ಶಾಲೆಯ ಅಕ್ಕೋರು, ನಾನು. ಇಪ್ಪತ್ತಾರು ಕಿಲೋಮೀಟರಿನ ದಾರಿ ಅಂದು ಮುಗಿಯಲೊಲ್ಲದು. ಕೊನೆಗೆ ಅಕ್ಕೋರೇ, "ಯಾಕವಾ, ಉತ್ತರ ಹೊಳೀಲಿಲ್ಲೇನು?" ಎಂದು ಕೇಳಿದರು. ಹುಡುಗಿ ನನ್ನ ಮುಖ ನೋಡದೆ ಹೇಳಿದಳು: "ಗೊತ್ತಿತ್ರೀ. ನಮ್ಮ ಮನ್ಯಾಗ ನಳಾನ ಇಲ್ಲ. ನಾನ ಬಾವಿಂದ ಹೊತ್ತ ತರತೇನಿ. ಆದರ ಅದು ಸರ್ ಬರದುಕೊಟ್ಟ ಹಾಳ್ಯಾಗ ಇರಲಿಲ್ಲ. ಹೇಳಬೇಕೋ ಬ್ಯಾಡೋ ತಿಳೀಲಿಲ್ಲರೀ."

ಆ ಒಂದು ಉತ್ತರ ಸಾಕಿತ್ತು. ನಾನು ಎರಡು ರಾತ್ರಿ ಕುಳಿತು ಬರೆದದ್ದರಲ್ಲೆಲ್ಲ ಅಷ್ಟು ಗಟ್ಟಿಯಾದ ಒಂದು ಮಾತಿರಲಿಲ್ಲ. ಆಕೆಯ ಬಾಯಿಗೆ ನನ್ನ ಮಾತುಗಳನ್ನು ತುಂಬಿ ತುಂಬಿ, ಆಕೆಯ ಮಾತಿಗೆ ನಾನೇ ಜಾಗವಿಲ್ಲದಂತೆ ಮಾಡಿದ್ದೆ. ಹತ್ತನೆಯ ತರಗತಿಗೆ ಬಂದ ಮೇಲೆ ಆಕೆ ಸ್ಪರ್ಧೆಗೆ ಹೆಸರು ಕೊಡಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಒತ್ತಾಯಿಸಬೇಕಾಗಿತ್ತು, ಅದಕ್ಕೂ ಮೊದಲು ಕ್ಷಮೆ ಕೇಳಬೇಕಾಗಿತ್ತು.

ಅಲ್ಲಿಂದ ಮುಂದೆ ನಾನು ಬರೆದುಕೊಡುವುದನ್ನು ನಿಲ್ಲಿಸಿದೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಿಮ್ಮನ್ನು ಕೂಡಿಸಿಕೊಂಡು, ಪ್ರತಿಯೊಬ್ಬರೂ ತಮ್ಮ ಪಕ್ಷಕ್ಕೆ ವಿರುದ್ಧವಾದ ಐದು ಪ್ರಶ್ನೆಗಳನ್ನು ಬರೆದು ತರಬೇಕೆಂದು ಕಾಡುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿದ್ದೀತು. ಫಲ? ನನ್ನ ಪುಸ್ತಕದ ಮುಂದಿನ ಮೂರು ವರ್ಷಗಳ 'ಸ್ಥಾನ' ಅಂಕಣ ಬಹುತೇಕ ಖಾಲಿ. ಮಕ್ಕಳು ತೊದಲಿದರು, ಸಮಯ ಮೀರಿದರು, ನಡುವೆ ನಿಂತರು. ಏನಾಗಿದೆ ನಿಮಗೆ ಎಂದು ಸಹೋದ್ಯೋಗಿಗಳು ಕೇಳಿದರು. ಪಾಲಕರೊಬ್ಬರು, ಕೆಲಸ ತಪ್ಪಿಸಿಕೊಳ್ಳುವ ಉಪಾಯವಿದು ಎಂದು ನನ್ನೆದುರಿಗೇ ಅಂದರು.

ನಾಲ್ಕನೆಯ ವರ್ಷ ಆಶುಭಾಷಣದಲ್ಲಿ ಒಬ್ಬ ಹುಡುಗನಿಗೆ 'ಕೊಡೆ' ಎಂಬ ಚೀಟಿ ಬಂತು. ಘಟ್ಟದಂಚಿನ ಊರಿನವನು, ಕೊಡೆಯನ್ನೇ ಹಿಡಿದವನಲ್ಲ. ಅದನ್ನೇ ಹೇಳಿಕೊಂಡು ಆರಂಭಿಸಿದ. ಕಂಬಳಿಯ ಕೊಪ್ಪೆ ಹೊದ್ದು ಹಳ್ಳ ದಾಟಿ ಶಾಲೆಗೆ ಬರುವುದು, ತರಗತಿಯಲ್ಲಿ ಒದ್ದೆ ಕಂಬಳಿಯ ವಾಸನೆಗೆ ಪಕ್ಕದವನು ಮೂಗು ಮುಚ್ಚಿಕೊಳ್ಳುವುದು, ಅದೇ ಕಂಬಳಿ ರಾತ್ರಿ ಅಜ್ಜನಿಗೆ ಹೊದಿಕೆಯಾಗುವುದು. ಮೂರು ನಿಮಿಷ ಸಭೆ ಉಸಿರು ಬಿಗಿಹಿಡಿದು ಕೇಳಿತು. ಪ್ರಥಮ ಸ್ಥಾನ. ಇನ್ನೊಬ್ಬ ಹುಡುಗಿ ಚರ್ಚೆಯ ನಡುವೆ, "ಎದುರಾಳಿ ಹೇಳಿದ ಈ ಒಂದು ಮಾತು ಸರಿ, ಅದನ್ನು ಒಪ್ಪುತ್ತೇನೆ, ಉಳಿದೆರಡನ್ನು ಒಪ್ಪುವುದಿಲ್ಲ" ಎಂದು ಕಾರಣ ಕೊಟ್ಟು ಮಾತನಾಡಿ ಜಿಲ್ಲೆಗೆ ದ್ವಿತೀಯಳಾದಳು. ಆ ಮಾತು ಕೇಳಿದಾಗ ನನಗಾದ ಸಂತೋಷ ಯಾವ ಶೀಲ್ಡಿನಿಂದಲೂ ಆಗಿಲ್ಲ. ಬೆಳಗಾವಿಯಲ್ಲಿ 2006ರಲ್ಲಿ ಮೊದಲ ಬಾರಿಗೆ ವಿಧಾನಮಂಡಲದ ಅಧಿವೇಶನ ಸೇರಿತು. 2012ರಲ್ಲಿ ಸುವರ್ಣ ವಿಧಾನಸೌಧವೂ ಆಯಿತು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂಡಿಸಿದಾಗ, ಕೆಳಗಿನ ಗದ್ದಲವನ್ನು ಕಂಡ ಒಬ್ಬ ಚೂಟಿ ಹುಡುಗ ನನ್ನ ಕಿವಿಯಲ್ಲಿ, "ಸರ್, ಇಲ್ಲಿ ಗಂಟಿ ಬಾರಸಾವ್ರು ಯಾರೂ ಇಲ್ಲೇನ್ರೀ?" ಎಂದ.

ಪಟ್ಟಿಯಲ್ಲಿಲ್ಲದ ಒಬ್ಬನ ಮಾತನ್ನೂ ಹೇಳಬೇಕು. ಅವನು ನನ್ನ ಶಾಲೆಯವನಲ್ಲ. ಕಣಕುಂಬಿಯ ಕಡೆಯವನು, ಮನೆಮಾತು ಮರಾಠಿ. ಹಳ್ಳಿ ಲೇಸೋ ಪಟ್ಟಣ ಲೇಸೋ ಎಂಬ ಹಳೆಯ ವಿಷಯದ ಮೇಲೆ ಕನ್ನಡದಲ್ಲಿ ಚರ್ಚಿಸಲು ತಾನಾಗಿ ಹೆಸರು ಕೊಟ್ಟಿದ್ದ. ಮಳೆಗಾಲದಲ್ಲಿ ತಮ್ಮೂರಿಗೆ ಬಸ್ಸು ನಿಲ್ಲುವುದು, ಬಸುರಿ ಹೆಂಗಸನ್ನು ನಾಲ್ವರು ಜೋಳಿಗೆಯಲ್ಲಿ ಹೊತ್ತು ಡಾಂಬರು ರಸ್ತೆಯವರೆಗೆ ತಂದದ್ದು, ಇಷ್ಟನ್ನು ಹೇಳಿ, ಹಳ್ಳಿಯನ್ನು ಹೊಗಳುವವರು ಒಂದು ಆಷಾಢ ಅಲ್ಲಿದ್ದು ಬರಲಿ ಎಂದ. ನಡುನಡುವೆ ಮರಾಠಿ ಪದಗಳು ನುಸುಳಿದವು, ವಿಭಕ್ತಿಗಳು ತಪ್ಪಿದವು. ನಿರ್ಣಾಯಕನಾಗಿದ್ದ ನಾನು ಭಾಷಾಶುದ್ಧಿಯ ಅಂಕಣದಲ್ಲಿ ಕೈ ಬಿಗಿಹಿಡಿದೆ. ಎರಡು ಅಂಕಗಳಿಂದ ಅವನಿಗೆ ಮೂರನೆಯ ಸ್ಥಾನ ತಪ್ಪಿತು. ಅದು ಹೋದದ್ದು ಹಳ್ಳಿಯ ತಂಗಾಳಿ, ಹಸುರು, ಕೋಗಿಲೆಗಳನ್ನು ಶುದ್ಧ ಕನ್ನಡದಲ್ಲಿ ವರ್ಣಿಸಿದ ಬೆಳಗಾವಿಯ ಹುಡುಗನಿಗೆ. ಪರಕೀಯವಾದ ಭಾಷೆಯಲ್ಲಿ ತನ್ನ ಊರಿನ ಸತ್ಯ ಹೇಳಲು ಎದ್ದುನಿಂತವನಿಗೆ ನಾನು ಕೊಟ್ಟ ಅಂಕಗಳು ನಿಯಮದ ಪ್ರಕಾರ ಸರಿಯಾಗಿಯೇ ಇದ್ದವು. ಇಂದಾದರೆ ಹಾಗೆ ಹಾಕುತ್ತಿರಲಿಲ್ಲ.

ಪಟ್ಟಿ ಈಗ ಸಿದ್ಧವಾಗಿದೆ. ಮೊದಲ ಹತ್ತು ವರ್ಷಗಳ ಹೆಸರುಗಳ ಮುಂದೆ, 'ಬರಹ: ಶಿಕ್ಷಕರು' ಎಂದು ಸಣ್ಣ ಅಕ್ಷರಗಳಲ್ಲಿ ಸೇರಿಸಿದ್ದೇನೆ. ಸಂಪಾದಕರಿಗೆ ಇದು ರುಚಿಸಲಿಲ್ಲ. "ಸರ್, ಅವರಿಗೆ ಬ್ಯಾಸರಾದೀತು" ಎಂದರು. ಅಂದು ಬಹುಮಾನ ಪಡೆದ ನಾಲ್ವರಿಗೆ ದೂರವಾಣಿ ಮಾಡಿ ಕೇಳಿದೆ. ಮೂವರು ನಕ್ಕು ಒಪ್ಪಿದರು. ನಾಲ್ಕನೆಯವನು, ಈಗ ಅವನೂ ಶಿಕ್ಷಕ, ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಹುಡುಗರಿಗೆ ಬರದುಕೊಡತೇನ್ರೀ ಸರ್" ಎಂದ.

ಹಂಚಿನ ಕಾರ್ಖಾನೆಯ ಕೂಲಿಯವರ ಆ ಮಗಳ ವಿಳಾಸ ಮಾತ್ರ ಯಾರಲ್ಲಿಯೂ ಸಿಕ್ಕಿಲ್ಲ. ಮದುವೆಯಾಗಿ ಗೋವೆಯ ಕಡೆ ಹೋದಳೆಂದು ಒಬ್ಬರು ಹೇಳುತ್ತಾರೆ. ಆಕೆಯ ಓರಗೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ತಿಳಿಸಿರಿ. ಸಂಚಿಕೆ ಮುದ್ರಣಕ್ಕೆ ಹೋಗಲು ಇನ್ನೂ ಮೂರು ವಾರಗಳಿವೆ. ಆಕೆಯ ಹೆಸರಿನ ಮುಂದೆ ಬಾವಿಯ ನೀರಿನ ಆ ಉತ್ತರವನ್ನೂ ಅಚ್ಚು ಹಾಕಿಸಬೇಕೆಂದಿದ್ದೇನೆ. ಆದರೆ ಈ ಸಲ ಆಕೆಯನ್ನು ಕೇಳಿಯೇ ಹಾಕಿಸಬೇಕು.